ಆಷಾಢದಲ್ಲಿ ಬಿದಿರು ತರಿಸಿದವಳು

ನಮ್ಮ ಪಕ್ಕದ ಮನೆಯ ವನಜಾ ಹೆಂಡದ ಬಾಟಲಿ ಕೈಗೆ ತಾಗಿದರೂ ಸೋಪು ಹಾಕಿ ತೊಳೆದುಕೊಳ್ಳುವ ಹೆಂಗಸು. ಅಂಥವಳು ಮನೆಯೊಳಗೇ ಬಾರ್ ಕಟ್ಟಲು ಹೊರಟಾಗ ನಾನು ಬಾಯಿಗೆ ಬಂದಂತೆ ಬೈದೆ. ಈ ಶಿರಾದಲ್ಲಿ ಕುಡಿಯಲು ಜಾಗಕ್ಕೇನು ಬರವೇ ಎಂದು ಕೇಳಿದೆ.

"ಜಾಗ ಐತೆ ಕಣಕ್ಕ. ಹೈವೇ ಆ ಕಡೆಗೈತೆ," ಅಂದಳು.

ಅವಳ ಗಂಡ ಓಬಳರಾಜು ಕಡಲೆಕಾಯಿ ಮಂಡಿಯಲ್ಲಿ ತೂಕ ಹಾಕುವವನು. ತೂಕದಲ್ಲಿ ಮೋಸ ಮಾಡಿದವನಲ್ಲ, ಹೆಂಡತಿಯ ಮೇಲೆ ಕೈ ಎತ್ತಿದವನಲ್ಲ. ಸಂಜೆಯಾದರೆ ಮಾತ್ರ ಬೈಕ್ ಹತ್ತಿ ಹೆದ್ದಾರಿ ದಾಟಿ ಡಾಬಾಕ್ಕೆ ಹೋಗಬೇಕು, ಕುಡಿದ ಮೇಲೆ ಅದೇ ಹೆದ್ದಾರಿ ದಾಟಿ ವಾಪಸ್ಸು ಬರಬೇಕು. ಜೊತೆಯಲ್ಲಿ ಕುಡಿಯುತ್ತಿದ್ದ ಲಕ್ಷ್ಮೀಪತಿ ಹೋದ ವರ್ಷ ಹಾಗೆ ದಾಟುವಾಗಲೇ ಲಾರಿಗೆ ಸಿಕ್ಕಿ ಸತ್ತ. ಅಂದಿನಿಂದ ವನಜಾ ಸಂಜೆ ಬ್ಲೌಸ್ ಹೊಲಿಯುವಾಗ ಬೀದಿಯಲ್ಲಿ ಯಾವ ಬೈಕಿನ ಸದ್ದಾದರೂ ಮಿಶನ್ ನಿಲ್ಲಿಸುತ್ತಿದ್ದಳು. ಅದು ನಿಲ್ಲುವುದು ಗೋಡೆಯಾಚೆ ಕೂತ ನನಗೂ ಕೇಳಿಸುತ್ತಿತ್ತು. ಬೈದದ್ದಾಯಿತು, ಅತ್ತದ್ದಾಯಿತು, ದೇವರ ಮುಂದೆ ಆಣೆ ಮಾಡಿಸಿದ್ದಾಯಿತು. ಅವನ ದಾರಿ ಬದಲಾಗಲಿಲ್ಲ.

ಮಂಡಿಯವರೆಲ್ಲ ಸೇರಿ ಒಮ್ಮೆ ಗೋವಾಕ್ಕೆ ಹೋಗಿದ್ದರು. ಅಲ್ಲಿ ಬಿದಿರಿನ ಕಂಬ, ಗರಿಯ ಚಾವಣಿ, ಹಲ್ಲು ಕಿರಿಯುವ ಮರದ ಮುಖಗಳಿದ್ದ ಪುಟ್ಟ ಬಾರೊಂದರಲ್ಲಿ ಕೂತು ತೆಂಗಿನ ಚಿಪ್ಪಿನಲ್ಲಿ ಕುಡಿದದ್ದನ್ನು ಓಬಳರಾಜು ಹೇಳಿದ್ದೇ ಹೇಳಿದ್ದು. ಒಂದು ದಿನ ಊಟಕ್ಕೆ ಕೂತಾಗ, "ಮನೇಲಿ ಅಂಥದ್ದೊಂದು ಇದ್ದಿದ್ರೆ ನಾನ್ಯಾಕೆ ಆಚಿಗೆ ಹೋಗ್ತಿದ್ದೆ" ಅಂದ. ಅನ್ನ ಕಲಸುತ್ತ ಆಡಿದ ಮಾತು. ಇವಳು ಅದನ್ನು ಭಾಷೆ ಕೊಟ್ಟ ಹಾಗೆ ಹಿಡಿದುಕೊಂಡಳು. ಹಿಡಿದುಕೊಳ್ಳಲು ಅವಳಿಗೆ ಬೇರೆ ಏನೂ ಉಳಿದಿರಲಿಲ್ಲ.

ಫೋನಿನಲ್ಲಿ ಹುಡುಕಿದಳು. ಅದಕ್ಕೆ ಟಿಕಿ ಬಾರ್ ಅನ್ನುತ್ತಾರಂತೆ. ಮನೆಯಲ್ಲಿ ಇದ್ದದ್ದು ಮೆಟ್ಟಿಲ ಕೆಳಗೆ ನೀರಿನ ಡ್ರಮ್ ಇಡುವ ಮೂಲೆ, ಒಬ್ಬ ಮನುಷ್ಯ ತಲೆ ತಗ್ಗಿಸಿ ಕೂರುವಷ್ಟು. ಡ್ರಮ್ಮನ್ನು ಬಚ್ಚಲಿಗೆ ನೂಕಿ, ಹಳೆಯ ಕಾಲುಮಿಶನ್ನಿನ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಹಲಗೆ ಹಾಕಿ ಕೌಂಟರ್ ಮಾಡಿದಳು. ತೆಂಗಿನ ಚಿಪ್ಪುಗಳನ್ನು ಉಜ್ಜಿ ಉಜ್ಜಿ ನುಣುಪು ಮಾಡಿದಳು. ಮರದ ಮುಖ ಎಲ್ಲೂ ಸಿಗಲಿಲ್ಲ, ಹೊಸ ಮನೆಗೆ ದೃಷ್ಟಿಯಾಗದಿರಲೆಂದು ಕಟ್ಟುವ ಕೋರೆಹಲ್ಲಿನ ರಾಕ್ಷಸನ ಮುಖವನ್ನೇ ತಂದು ಗೋಡೆಗೆ ಮೊಳೆ ಹೊಡೆದು ತಗುಲಿಸಿದಳು. ಗಂಡನಿಗೆ ಕಾಣದಿರಲೆಂದು ಮುಂದೆ ಹಳೇ ಸೀರೆ ಇಳಿಬಿಟ್ಟಳು. ಕೊನೆಗೆ ಸೆರಗನ್ನು ಮುಖಕ್ಕೆಳೆದುಕೊಂಡು ವೈನ್ ಶಾಪಿನ ಮುಂದೆ ಗಂಡಸರ ನಡುವೆ ನಿಂತು ಒಂದು ಬಾಟಲಿಯನ್ನೂ ತಂದಳು. ನನಗೆ ತೋರಿಸಿ ಕೆಳಗಿಟ್ಟವಳೇ ಸೋಪು ಹಾಕಿ ಕೈ ತೊಳೆದುಕೊಂಡಳು. ಆಮೇಲೆ ನಾನು ಬೈಯಲಿಲ್ಲ.

ಉಳಿದದ್ದು ಬಿದಿರು ಮತ್ತು ಗರಿ. ಅವು ಬರುವ ಹಿಂದಿನ ರಾತ್ರಿ ಓಬಳರಾಜು ಮನೆಗೆ ಬರಲಿಲ್ಲ. ಫೋನ್ ಸ್ವಿಚ್ ಆಫ್. ಬೆಳಿಗ್ಗೆ ನಾನು ಕೆಲಸಕ್ಕೆಂದು ಅಂಗನವಾಡಿಗೆ ಹೊರಟಾಗ ವನಜಾ ಹೊಸಿಲಲ್ಲಿ ನಿಂತಿದ್ದಳು.

"ಮಂಡಿಗೂ ಹೋಗಿಲ್ವಂತೆ ಅಕ್ಕ. ಹೈವೇ ಕಡೆ ಹೋಗಿ ನೋಡಕ್ಕೆ ಕಾಲೇ ಬತ್ತಿಲ್ಲ. ಇವತ್ತು ಇದನ್ನ ಮುಗಿಸ್ಬುಡ್ತೀನಿ. ಮುಗಿಸಿದ್ರೆ ಬತ್ತಾನೆ."

ಅದಕ್ಕೂ ಇದಕ್ಕೂ ಏನು ಸಂಬಂಧವೆಂದು ಕೇಳಲು ನನಗೆ ಧೈರ್ಯ ಬರಲಿಲ್ಲ.

ನಾನು ಹೋದ ಮೇಲೆ ಲಗೇಜ್ ಆಟೋ ಬಂದು ಉದ್ದದ ಬಿದಿರುಗಳನ್ನೂ, ಬರಗೂರಿನ ತವರಿನವರು ಕಳಿಸಿದ ಹಸಿ ತೆಂಗಿನ ಗರಿಗಳನ್ನೂ ಅವಳ ಬಾಗಿಲಲ್ಲಿ ಇಳಿಸಿ ಹೋಯಿತು. ಆಷಾಢ ಮಾಸ, ಮದುವೆ ಇಲ್ಲ, ಚಪ್ಪರ ಇಲ್ಲ. ಆಷಾಢದಲ್ಲಿ ಮನೆ ಮುಂದೆ ಬಿದಿರೂ ಹಸಿ ಗರಿಯೂ ಬಿದ್ದಿದ್ದರೆ ಅದು ಚಟ್ಟ ಕಟ್ಟುವುದಕ್ಕೇ. ಓಬಳರಾಜು ರಾತ್ರಿ ಬಂದಿಲ್ಲವೆಂಬುದು ಬೀದಿಗೆಲ್ಲ ಗೊತ್ತಿತ್ತು. ಎದುರು ಮನೆಯ ಮುದುಕ ಚಿಕ್ಕನರಸಯ್ಯ ನೋಡಿದರು. ಸಾವಿನ ಮನೆಯ ಹೆಂಗಸನ್ನು ಹಿಡಿದು ಹೇಗಾಯಿತು, ಏನಾಯಿತು ಎಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ, ಆಗಬೇಕಾದ್ದನ್ನು ಮಾಡುತ್ತಾರೆ. ಅವರು ಬಾಗಿಲ ಮುಂದೆ ಸೌದೆ ಇಟ್ಟು ಬೆಂಕಿ ಹಾಕಿದರು. ಐ.ಡಿ.ಹಳ್ಳಿಯಲ್ಲಿದ್ದ ಓಬಳರಾಜುವಿನ ನೆಂಟರಿಗೆ ಫೋನ್ ಹೋಯಿತು. ಯಾರೋ ಹಾರ ತಂದರು.

ಒಳಗೆ ಮೊಳೆ ಹೊಡೆಯುತ್ತಿದ್ದ ವನಜಾ ಗರಿ ಎತ್ತಿಕೊಳ್ಳಲು ಹೊರಬಂದಳು. ನೋಡಿದರೆ ಬೆಂಕಿ, ಜನ, ಹಾರ. ಹೆದ್ದಾರಿಯಿಂದ ಸುದ್ದಿ ತಂದಿದ್ದಾರೆ ಅಂದುಕೊಂಡು ಅಲ್ಲೇ ಕುಸಿದಳು. ಅವಳು ಕುಸಿದದ್ದು ನೋಡಿ ಜನಕ್ಕೆ ಖಾತ್ರಿಯಾಯಿತು, ಅವರ ಗೋಳು ಕೇಳಿ ಅವಳಿಗೆ ಖಾತ್ರಿಯಾಯಿತು.

ಮಧ್ಯಾಹ್ನ ನಾನು ಬಂದಾಗ ಅವಳು ನೆಲಕ್ಕೆ ತಲೆ ಚಚ್ಚಿಕೊಳ್ಳುತ್ತಿದ್ದಳು. ತೊಡೆಯ ಮೇಲೆ ಮಲಗಿಸಿಕೊಂಡು ನಾನೂ ಅತ್ತೆ. ಎಷ್ಟೋ ಹೊತ್ತಿನ ಮೇಲೆ ಚಿಕ್ಕನರಸಯ್ಯನವರನ್ನು ಕೇಳಿದೆ.

"ಹೆಣ ಎಲ್ಲೈತೆ ಯಜಮಾನ್ರೇ?"

"ನಂಗೇನ್ ಗೊತ್ತಮ್ಮ. ಬಿದಿರು ತರಿಸಿದ್ದು ಆವಮ್ಮ," ಅಂದರು.

ನನಗೆ ಮೈಯೆಲ್ಲ ಉರಿದುಹೋಯಿತು. ಆ ಬಿದಿರು ಯಾತಕ್ಕೆಂದು ನನಗೆ ಗೊತ್ತಿತ್ತು. ಬಾಯಿ ತೆಗೆಯುವಷ್ಟರಲ್ಲಿ ಬೀದಿಯ ತುದಿಯಲ್ಲಿ ಓಬಳರಾಜು ಕಾಣಿಸಿದ. ರಾತ್ರಿ ಡಾಬಾದ ಮಂಚದ ಮೇಲೆ ಬಿದ್ದುಕೊಂಡಿದ್ದವನು ಪೆಟ್ರೋಲ್ ಮುಗಿದ ಬೈಕನ್ನು ತಳ್ಳಿಕೊಂಡು ಬರುತ್ತಿದ್ದ.

"ಯಾರು ಹೋಗ್ಬುಟ್ರು?" ಅಂದ.

ಹಾರ ಹಿಡಿದಿದ್ದವನು ಅದನ್ನು ಬೆನ್ನ ಹಿಂದಕ್ಕೆ ಸರಿಸಿದ. ಆಗ ಓಬಳರಾಜುವಿಗೆ ತಿಳಿಯಿತು.

ವನಜಾ ಎದ್ದು ಅವನ ಮುಖ, ತೋಳು ಎಲ್ಲ ಮುಟ್ಟಿ ಮುಟ್ಟಿ ನೋಡಿದಳು. ಕೈ ಹಿಡಿದು ಒಳಗೆ ಎಳೆದುಕೊಂಡು ಹೋಗಿ ಸೀರೆ ಸರಿಸಿದಳು. "ಇಲ್ಲೇ ಕುಡಿ. ನಾನೇ ಹಾಕ್ಕೊಡ್ತೀನಿ. ಆ ರೋಡ್ ಮಾತ್ರ ದಾಟಬ್ಯಾಡ." ಓಬಳರಾಜು ಆ ಮೂಲೆಯಲ್ಲೇ ಕೂತು ಅತ್ತ. ಬೆಂಕಿಗೆ ನೀರು ಸುರಿದು ಜನ ಚೆದುರಿದರು.

ಕೆಲವು ದಿನ ಅವನು ಮಂಡಿಯಿಂದ ನೇರ ಮನೆಗೆ ಬಂದ. ವನಜಾ ಬಿದಿರು ನಿಲ್ಲಿಸಿದಳು, ಗರಿ ಹೆಣೆದು ಮೇಲೆ ಹೊದಿಸಿದಳು. ಎಲ್ಲ ಮುಗಿದ ಸಂಜೆ ಚಿಪ್ಪಿಗೆ ಸುರಿದು ಅವನನ್ನು ಕರೆದಳು. ಅವನು ತಲೆ ತಗ್ಗಿಸಿ ಒಳಗೆ ಒಂದು ಕಾಲಿಟ್ಟ, ಗರಿಯನ್ನು ನೋಡಿದ, ಕಾಲು ಹಿಂದಕ್ಕೆ ತೆಗೆದ.

"ನನ್ ಚಟ್ಟದಾಗೆ ನಾನೇ ಹೆಂಗ್ ಕೂತ್ಕಳ್ಳಿ ವನಜಾ," ಅಂದ. ಬೈಕಿನ ಬೀಗದ ಕೈ ತೆಗೆದುಕೊಂಡ.

ಅಂದಿನಿಂದ ಮತ್ತೆ ಅದೇ ಡಾಬಾ, ಅದೇ ಹೆದ್ದಾರಿ. ಗೋಡೆಯಾಚೆ ಮಿಶನ್ ಮತ್ತೆ ನಿಂತು ನಿಂತು ಓಡುತ್ತದೆ. ಮೊನ್ನೆ ಸಂಜೆ ಚಿಕ್ಕನರಸಯ್ಯ ಅವಳ ಬಾಗಿಲಿಗೆ ಬಂದು, ಸಾವಿನ ಹೆಸರು ಬಿದ್ದ ಬಿದಿರನ್ನು ಮನೆಯೊಳಗೆ ಇಟ್ಟುಕೊಳ್ಳಬಾರದು, ಬಿಚ್ಚಿ ಆಚೆಗೆ ಹಾಕಮ್ಮ ಎಂದರು. ನಾನೂ ಹೌದೆಂದೆ. ಗರಿ ಆಗಲೇ ಒಣಗಿ ಉದುರುತ್ತಿತ್ತು. ವನಜಾ ಸೂಜಿಗೆ ದಾರ ಪೋಣಿಸುತ್ತಿದ್ದಳು, ತಲೆ ಎತ್ತಲಿಲ್ಲ.

"ಇರ್ಲಿ ಬುಡಿ ಯಜಮಾನ್ರೇ. ಇನ್ನೊಂದ್ಸಲ ತರ್ಸಕ್ಕೆ ನನ್ ಕೈಲಾಗಲ್ಲ."