ಅತ್ತೆಯ ಪಕ್ಕದ ಸೀಟು

ಭೀಮಾ ನದಿಯ ಸೇತುವೆ ಹತ್ತಿರ ಬಂತೆಂದರೆ ನಾನು ಟಿಕೆಟ್ ಮಷೀನಿನ ಮೇಲೆ ಮುಖ ಬಗ್ಗಿಸಿಬಿಡುತ್ತಿದ್ದೆ. ಸುರಪುರದಿಂದ ಹೊರಟು ಶಹಾಪುರದ ಮೇಲೆ ಹಾಯ್ದು ಯಾದಗಿರಿಗೆ ಹೋಗುವ ಬಸ್ಸಿನಲ್ಲಿ ನಾನು ಕಂಡಕ್ಟರ್. ದಿನವೂ ಅದೇ ಸೇತುವೆ ದಾಟುತ್ತಿದ್ದರೂ ಕಿಟಕಿಯ ಆಚೆ ನೀರು ಎಷ್ಟಿದೆ ಎಂದು ನೋಡಿದವಳಲ್ಲ. ಲೆಕ್ಕ ನೋಡುವವಳ ಹಾಗೆ ಮಷೀನಿನ ಗುಂಡಿ ಒತ್ತುತ್ತ ನಿಂತಿರುತ್ತಿದ್ದೆ. ಚಕ್ರದ ಸದ್ದು ಬದಲಾಗಿ ಮತ್ತೆ ಮಣ್ಣಿನ ಮೇಲಿನ ರಸ್ತೆ ಸಿಕ್ಕಿತೆಂದು ಗೊತ್ತಾದ ಮೇಲೆಯೇ ತಲೆ ಎತ್ತುವುದು.

ಎತ್ತರವೆಂದರೆ ನನಗೆ ಮೊದಲಿನಿಂದಲೂ ಹೀಗೆ. ಕೇಳಿದವರೆಲ್ಲ, "ಸಣ್ಣಾಕಿ ಇದ್ದಾಗ ಎಲ್ಯಾರ ಬಿದ್ದಿದ್ದೇನು?" ಅನ್ನುತ್ತಾರೆ. ಎಲ್ಲೂ ಬಿದ್ದಿಲ್ಲ. ಸುರಪುರದ ತವರುಮನೆಯಲ್ಲಿ ಅಕ್ಕಂದಿರು ಮಾಳಿಗೆಯ ಮೇಲೆ ಸಂಡಿಗೆ ಇಡುವಾಗ ನಾನು ಅಂಗಳದಲ್ಲಿ ನಿಂತು ಹಿಟ್ಟಿನ ಬೋಗುಣಿ ಎತ್ತಿಕೊಡುತ್ತಿದ್ದೆ, ಅಷ್ಟೇ ನನ್ನ ಪಾಲಿನ ಕೆಲಸ. ಮೇಲೆ ಹೋದರೆ ಅಂಗಾಲಿನಲ್ಲಿ ಇರುವೆ ಹರಿದಂತಾಗಿ, ಅದು ಮೊಣಕಾಲಿಗೆ ಏರುವಷ್ಟರಲ್ಲಿ ಕಾಲುಗಳೇ ನನ್ನವಲ್ಲ ಅನ್ನಿಸುತ್ತಿತ್ತು.

ಮದುವೆಯಾಗಿ ಶಹಾಪುರಕ್ಕೆ ಬಂದ ಹೊಸದರಲ್ಲಿ ಇದನ್ನು ಯಾರಿಗೂ ಹೇಳಿರಲಿಲ್ಲ. ಒಂದು ದಿನ ಅತ್ತೆ, ಒಣ ಹಾಕಿದ ಮೆಣಸಿನಕಾಯಿಯನ್ನು ಮಾಳಿಗೆಯಿಂದ ತರಲು ಹೇಳಿದರು. ಗೋಡೆಗೆ ಹತ್ತಿದ ಕಲ್ಲಿನ ಮೆಟ್ಟಿಲು, ಹಿಡಿದುಕೊಳ್ಳಲು ಏನೂ ಇಲ್ಲ. ಅರ್ಧ ಏರಿದವಳು ಅಲ್ಲೇ ಕುಳಿತುಬಿಟ್ಟೆ. ಮೇಲಕ್ಕೂ ಹೋಗಲಾರೆ, ಕೆಳಕ್ಕೂ ಇಳಿಯಲಾರೆ. ಸ್ವಲ್ಪ ಹೊತ್ತಿಗೆ ಅತ್ತೆ ಹುಡುಕಿಕೊಂಡು ಬಂದರು. ನನ್ನ ಮುಖ ನೋಡಿದರು. ಏನೂ ಕೇಳದೆ ಮೇಲೇರಿ ಬಂದು ನನಗಿಂತ ಒಂದು ಮೆಟ್ಟಿಲು ಕೆಳಗೆ, ನೆಲ ನನಗೆ ಕಾಣದಂತೆ ಅಗಲವಾಗಿ ಕುಳಿತರು. ತವರುಮನೆಯಲ್ಲಿ ಬದನೆಕಾಯಿಗೆ ಗುರೆಳ್ಳು ಹಾಕುತ್ತಾರೋ ಶೇಂಗಾ ಹಾಕುತ್ತಾರೋ ಎಂದು ಮಾತು ತೆಗೆದರು. ಆ ಮಾತು ಮುಗಿಯುವಾಗ ನನ್ನ ಉಸಿರು ಹದಕ್ಕೆ ಬಂದಿತ್ತು.

"ನನ್ನ ಬೆನ್ನು ನೋಡ್ಕೋತ ಕುಂತಲ್ಲೇ ಸರ್ಕೊಂಡು ಬಾ" ಅಂದರು. ಹಾಗೆಯೇ ಇಳಿದೆ. ನೆಲ ಮುಟ್ಟಿದ ಮೇಲೆ ಅವರು ಹೇಳಿದ್ದು ಇಷ್ಟೇ: "ಇವತ್ತಿನಿಂದ ಮ್ಯಾಲಿನ ಕೆಲಸ ನಂದು, ಕೆಳಗಿಂದು ನಿಂದು."

ಆ ಮಾತನ್ನು ಅವರು ಮೊಣಕಾಲು ಕೈಕೊಡುವವರೆಗೂ ನಡೆಸಿದರು. ಆಮೇಲೆ ಮಾಳಿಗೆಯ ಕೆಲಸ ನನ್ನ ಗಂಡನ ಪಾಲಿಗೆ ಬಂತು. ಅವರು ಹಪ್ಪಳ ತೆಗೆಯಲು ಹೋದರೆ ಅರ್ಧ ಮುರಿದೇ ಬರುತ್ತಿದ್ದವು. ಅತ್ತೆ ಅಂಗಳದಲ್ಲಿ ಕುಳಿತು ಬೈಯುತ್ತಿದ್ದರು. ಬೈಗುಳಕ್ಕಿಂತ ಹೆಚ್ಚಾಗಿ ಅವರ ಕಣ್ಣು ಆ ಮೆಟ್ಟಿಲುಗಳ ಮೇಲೆ ಇರುತ್ತಿತ್ತು. ಯಾದಗಿರಿ ಹತ್ತಿರದ ರಾಮಸಮುದ್ರ ಅವರ ತವರು. ಸಣ್ಣವರಿದ್ದಾಗ ಗೆಳತಿಯರ ಜೊತೆ ಗುಡ್ಡ ಹತ್ತಿ, ಬಂಡೆಯಿಂದ ಬಂಡೆಗೆ ಹಾರಿ ಸೀತಾಫಲ ಹರಿದು ತರುತ್ತಿದ್ದರಂತೆ. "ಗುಡ್ಡದ ಮ್ಯಾಲೆ ನಿಂತ್ರ ಊರು ರೊಟ್ಟಿ ತಟ್ಟೋ ಕಲ್ಲಿನಷ್ಟು ಕಾಣತಿತ್ತು" ಎಂದು ಹೇಳುವಾಗ ಅವರ ಮುಖದಲ್ಲಿ ವಯಸ್ಸೇ ಇರುತ್ತಿರಲಿಲ್ಲ.

ಹೆಂಗಸರಿಗೆ ಬಸ್ಸು ಪುಕ್ಕಟೆ ಆದ ಮೇಲೆ ಅತ್ತೆಗೆ ರಾಮಸಮುದ್ರದಲ್ಲಿದ್ದ ತಂಗಿಯ ಮನೆಯ ನೆನಪು ಮೇಲಿಂದ ಮೇಲೆ ಬರತೊಡಗಿತು. ನನ್ನದೇ ಬಸ್ಸು ಹತ್ತುತ್ತಿದ್ದರು. ಅಂಥ ಒಂದು ಚಳಿಗಾಲದ ಭಾನುವಾರ, ನನಗೂ ವಾರದ ರಜೆ ಇದ್ದುದರಿಂದ ಇಬ್ಬರೂ ಪ್ರಯಾಣಿಕರಾಗಿಯೇ ರಾಮಸಮುದ್ರಕ್ಕೆ ಹೋಗಿ ಸಂಜೆ ಯಾದಗಿರಿಗೆ ಬಂದೆವು. ಊರ ಮೈದಾನದಲ್ಲಿ ಎಕ್ಸಿಬಿಷನ್ ಹಾಕಿದ್ದರು. ಬಳೆ ಅಂಗಡಿ, ಉಪ್ಪಿನಕಾಯಿ ಅಂಗಡಿ, ಮಕ್ಕಳ ರೈಲು, ಎಲ್ಲದರ ನಡುವೆ ಬಣ್ಣದ ದೀಪ ಹೊತ್ತ ದೊಡ್ಡ ಜಾಯಿಂಟ್ ವೀಲ್.

ಅತ್ತೆ ಯಾವ ಅಂಗಡಿಯನ್ನೂ ನೋಡಲಿಲ್ಲ. ನೇರವಾಗಿ ಅದರ ಬುಡಕ್ಕೆ ಹೋಗಿ ನಿಂತು ಕತ್ತೆತ್ತಿದರು.

"ಈ ತೊಟ್ಟಿಲ ಕುಂತಲ್ಲೇ ಮ್ಯಾಲೆ ಒಯ್ತದಲ್ಲ" ಅಂದರು. "ಮೊಣಕಾಲಿಂದು ಕೆಲಸೇ ಇಲ್ಲ."

ಗೇಟಿನಲ್ಲಿದ್ದ ನರೆತ ಗಡ್ಡದ ಚಾಚಾ ತಲೆಯಾಡಿಸಿದ. "ಅಮ್ಮಾರನ್ನ ಒಬ್ಬರನ್ನೇ ಬಿಡಲ್ರೀ ಅಕ್ಕಾ. ವಯಸ್ಸಾದೋರ ಜೋಡಿ ಯಾರಾದ್ರೂ ಕೂಡ್ರಬೇಕು. ನೀವು ಕುಂದ್ರತೀರೇನು?"

ನಾನು ಅತ್ತೆಯ ಕಡೆ ತಿರುಗಿ, "ಮುಂದಿನ ವಾರ ನಿಮ್ಮ ಮಗನ್ನ ಕರ್ಕೊಂಡು ಬರೋಣ್ರಿ" ಅಂದೆ.

"ಅವ ಬರತಾನ. ಅವನ ಜೋಡಿ ಮ್ಯಾಲೆ ಕುಂತು ನಾ ಏನು ಮಾತಾಡ್ಲಿ?" ಅಂದವರು ನನ್ನ ಕೈಯನ್ನೊಮ್ಮೆ ತಟ್ಟಿ, "ಹೋಗ್ಲಿ ಬಿಡು, ಮಿರ್ಚಿ ತಿನ್ನೋಣ ನಡಿ" ಎಂದು ಹೊರಟೇಬಿಟ್ಟರು. ಹಟ ಮಾಡಿದ್ದರೆ ನಾನೂ ಹಟ ಮಾಡುತ್ತಿದ್ದೆ. ಅವರು ಬಿಸಿ ಮಿರ್ಚಿ ಭಜಿಯನ್ನು ಕೈಯಲ್ಲಿ ಹಿಡಿದು, ಕಚ್ಚುವುದನ್ನೂ ಮರೆತು, ತಿರುಗುವ ದೀಪಗಳನ್ನೇ ನೋಡುತ್ತ ಕುಳಿತರು. ಮೆಟ್ಟಿಲಿನ ಮೇಲೆ ನನಗಾಗಿ ಅಗಲವಾಗಿ ಕುಳಿತಿದ್ದ ಆ ಬೆನ್ನು ಈಗ ಎಷ್ಟು ಸಣ್ಣದಾಗಿದೆ ಎಂದು ನನಗೆ ಅನ್ನಿಸಿದ್ದು ಆವಾಗ.

"ನಡೀರಿ" ಅಂದೆ.

"ಎಲ್ಲಿಗೆ?"

"ಮ್ಯಾಲೆ."

ಅತ್ತೆ ನನ್ನನ್ನೇ ನೋಡಿದರು. "ಖರೇನ? ಆಮ್ಯಾಲ ನಡುವ ಇಳಿಯಾಕ ಬರಲ್ಲ ನೋಡು."

"ಗೊತ್ತದ್ರಿ. ಲಗೂನ ನಡೀರಿ, ಮನಸು ಬದಲಾಗೂದ್ರಾಗ."

ತೊಟ್ಟಿಲಲ್ಲಿ ಕುಳಿತು ಚಾಚಾ ಅಡ್ಡ ಸರಳು ಹಾಕಿದ ಕೂಡಲೇ ಕಣ್ಣು ಮುಚ್ಚಿದೆ. ಮೊದಲ ಎಳೆತಕ್ಕೇ ಸರಳನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದುಕೊಂಡೆ. ಕೆಳಗೆ ಜನ ಹತ್ತಿಸಿಕೊಳ್ಳಲು ಚಕ್ರ ನಿಂತು ನಿಂತು ಏರುತ್ತಿತ್ತು. ಪ್ರತಿಸಲ ನಿಂತಾಗಲೂ ತೊಟ್ಟಿಲು ಹಿಂದೆ ಮುಂದೆ ತೂಗಾಡುತ್ತಿತ್ತು. ಸರಳು ಹಿಡಿದ ಬೆರಳುಗಳು ಜೋಮು ಹಿಡಿದಿದ್ದವು. ಎಲ್ಲಕ್ಕಿಂತ ಮೇಲೆ ಹೋಗಿ ನಿಂತಿದ್ದು ನನಗೆ ಗಾಳಿಯಿಂದಲೇ ತಿಳಿಯಿತು. ತಣ್ಣಗಿತ್ತು, ಎಣ್ಣೆಯ ವಾಸನೆ ಇರಲಿಲ್ಲ, ಮೈದಾನದ ಗದ್ದಲ ದೂರವಾಗಿತ್ತು. ದೇವರೇ, ಇಳಿಸಪ್ಪಾ ಅನ್ನುತ್ತಿರುವಾಗಲೇ ಪಕ್ಕದಲ್ಲಿ ಯಾರೋ ನಕ್ಕರು.

ಹುಡುಗಿಯ ನಗುವಿನಂಥ ನಗು. ಮೂಗಿನಿಂದ ಶುರುವಾಗಿ, ತಡೆಯಲಾರದೆ ಬಾಯಿಗೆ ಬಂದು, ನಡುನಡುವೆ ಉಸಿರು ಕಟ್ಟುವಂಥದ್ದು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಅತ್ತೆ ಹಾಗೆ ನಕ್ಕಿದ್ದನ್ನು ನಾನು ಕೇಳಿರಲಿಲ್ಲ. ಅದನ್ನು ನೋಡಬೇಕೆಂದೇ ಕಣ್ಣು ತೆರೆದೆ. ಸೆರಗು ಹೆಗಲಿನಿಂದ ಹಾರುತ್ತಿತ್ತು, ನರೆಗೂದಲು ಹಣೆಯ ತುಂಬ ಹರಡಿತ್ತು, ಬಾಯಿ ತೆರೆದು ಅವರು ಯಾದಗಿರಿಯ ಕೋಟೆಯ ಗುಡ್ಡದ ಕಡೆ ನೋಡಿ ನಗುತ್ತಿದ್ದರು. ಕೆಳಗೆ ಏನಿದೆಯೆಂದು ನಾನು ನೋಡಲಿಲ್ಲ. ಅವರ ಮುಖವನ್ನಷ್ಟೇ ನೋಡುತ್ತ ಆ ಸುತ್ತು ಪೂರ್ತಿ ಮುಗಿಸಿದೆ.

ಇಳಿದವಳೇ ಬಳೆ ಅಂಗಡಿಯ ಪಕ್ಕದಲ್ಲಿ ನೆಲಕ್ಕೇ ಕುಳಿತೆ. ಅತ್ತೆ ನಿಂಬೆ ಸೋಡಾ ತಂದು ಕುಡಿಸಿದರು. ಮನೆಗೆ ಹೋಗಿ ಹೇಳಿದರೆ ನನ್ನ ಗಂಡ ನಂಬಲಿಲ್ಲ. "ಇಕಿ? ಜಾಯಿಂಟ್ ವೀಲಿನ್ಯಾಗ?" ಎಂದು ಅತ್ತೆಯನ್ನೇ ಕೇಳಿದರು. "ನಾ ಸುಳ್ಳು ಹೇಳ್ತೀನೇನೋ?" ಎಂದು ಅತ್ತೆ ಅವರ ಬಾಯಿ ಮುಚ್ಚಿಸಿದರು.

ಎಕ್ಸಿಬಿಷನ್ ಇರುವಷ್ಟು ದಿನ ನನ್ನ ವಾರದ ರಜೆಯೆಲ್ಲ ಅದಕ್ಕೇ ಹೋಯಿತು. ಎರಡನೆಯ ಸಲ ಹತ್ತುವಾಗ ಅಂಜಿಕೆ ಕಡಿಮೆ ಇರಬಹುದು ಅಂದುಕೊಂಡಿದ್ದೆ, ಜಾಸ್ತಿಯೇ ಇತ್ತು. ಏನಾಗುತ್ತದೆ ಎಂದು ಈಗ ಗೊತ್ತಿತ್ತಲ್ಲ. ಹಲ್ಲು ಕಚ್ಚಿಕೊಂಡು ಕುಳಿತ ನನ್ನನ್ನು ಅತ್ತೆ ಮೊಣಕೈಯಿಂದ ತಿವಿದರು.

"ಬಸ್‌ಸ್ಟ್ಯಾಂಡಿನ್ಯಾಗ ಊರಿಗೆಲ್ಲಾ ಕೇಳೋ ಹಂಗ ಒದರತಿ. ಇಲ್ಲಿ ಯಾಕ ಬಾಯಿ ಹೊಲಕೊಂಡಿ? ಒದರಿಬಿಡು."

"ಏನಂತ ಒದರ್ಲಿ?"

"ದಿನಾ ಏನಂತ ಒದರತಿ ಅದನ್ನ."

ತೊಟ್ಟಿಲು ತುದಿಯಿಂದ ಕೆಳಗೆ ಜಾರುವಾಗ ಗಂಟಲು ಬಿಚ್ಚಿ ಕೂಗಿದೆ: "ಶಾಪುರ, ಶಾಪುರ, ಸುರಪುರಾ!" ಮೇಲಿನ ಕೆಳಗಿನ ತೊಟ್ಟಿಲುಗಳಲ್ಲಿದ್ದವರೆಲ್ಲ ನಕ್ಕರು. ಯಾರೋ, "ಯಾದಗಿರಿಗೊಂದು ಟಿಕೆಟ್ ಕೊಡ್ರಿ ಅಕ್ಕಾ" ಎಂದು ಕೂಗಿದರು. ಕೂಗುವಾಗ ಹೊಟ್ಟೆ ಬೀಳುವುದು ಅಷ್ಟಾಗಿ ತಿಳಿಯುವುದಿಲ್ಲ ಎಂಬುದು ನನಗೆ ಅಂದು ಗೊತ್ತಾಯಿತು. ಕಾಲ ಬುಡಕ್ಕೆ ನೋಡದೆ ದೂರ ನೋಡಬೇಕು ಎಂಬುದನ್ನು ಇನ್ನೊಂದು ವಾರ ಕಲಿತೆ. ಸ್ಟೇಷನ್ನಿಗೆ ಬರುವ ರೈಲು, ಅದರ ಕಿಟಕಿಗಳ ಬೆಳಕು, ಆಚೆ ಕತ್ತಲಲ್ಲಿ ಮಲಗಿದ ಗುಡ್ಡ, ಎಲ್ಲ ಒಂದೊಂದಾಗಿ ಕಾಣತೊಡಗಿದವು. ಚಾಚಾ ನಮ್ಮನ್ನು ಕಂಡರೆ ಸಾಕು, "ಅತ್ತಿ ಸೊಸಿ ಬಂದ್ರು" ಎಂದು ಸರಳು ಎತ್ತಿ ನಿಲ್ಲುತ್ತಿದ್ದ. ನಮ್ಮಲ್ಲಿ ಅತ್ತೆ-ಸೊಸೆ ಒಟ್ಟಿಗೆ ನಗುತ್ತ ಬರುವುದೇ ಅವನಿಗೆ ಜಾಯಿಂಟ್ ವೀಲಿಗಿಂತ ದೊಡ್ಡ ತಮಾಷೆಯಾಗಿತ್ತು.

ಬೇಸಿಗೆಯಲ್ಲಿ ಹೈದರಾಬಾದಿನಲ್ಲಿರುವ ನಾದಿನಿ ನಮ್ಮನ್ನು ಕರೆಸಿಕೊಂಡಳು. ಊರ ಹೊರಗಿನ ದೊಡ್ಡ ಅಮ್ಯೂಸ್‌ಮೆಂಟ್ ಪಾರ್ಕಿಗೆ ಹೋಗೋಣವೆಂದು ಅತ್ತೆಯೇ ಮಗಳಿಗೆ ಹೇಳಿಕಳಿಸಿದ್ದರು. ಇಡೀ ದಾರಿ ಅತ್ತೆಯದು ಅದೇ ಮಾತು. ಒಳಗೆ ಹೋದ ಮೇಲೆ ನೀರಿನ ದೋಣಿಯಲ್ಲಿ ಕುಳಿತೆವು, ನಿಧಾನಕ್ಕೆ ಸುತ್ತುವ, ಚಹಾದ ಕಪ್ಪು-ಬಸಿಯಂಥ ತೊಟ್ಟಿಲುಗಳಲ್ಲಿ ಕುಳಿತೆವು. ಆದರೆ ಅತ್ತೆಯ ಮನಸ್ಸೆಲ್ಲ ಆಕಾಶದಲ್ಲಿ ಹಾವಿನಂತೆ ಸುತ್ತಿಕೊಂಡ ರೋಲರ್ ಕೋಸ್ಟರಿನ ಹಳಿಯ ಮೇಲೆ. ಅದರ ಬಾಗಿಲಲ್ಲಿ ನಿಂತಿದ್ದ ಕೆಲಸದ ಹೆಣ್ಣುಮಗಳು ಅತ್ತೆಯನ್ನು ನೋಡಿದ ಕೂಡಲೇ ಕೈ ಅಡ್ಡ ಮಾಡಿದಳು. ವಯಸ್ಸಾದವರಿಗೆ, ಬಿಪಿ ಇದ್ದವರಿಗೆ ಇಲ್ಲ. ಜೊತೆಗೆ ಯಾರಿದ್ದರೂ ಇಲ್ಲ.

ಅತ್ತೆ ಕನ್ನಡದಲ್ಲಿ ಹೇಳಿದರು, ಉರ್ದುವಿನಲ್ಲಿ ಹೇಳಿದರು, ಬಾರದ ತೆಲುಗಿನಲ್ಲೂ ಹೇಳಿದರು. ಆಕೆ ಕೈಮುಗಿದಳೇ ಹೊರತು ಬಿಡಲಿಲ್ಲ. ಅತ್ತೆ ಬೇವಿನ ನೆರಳಿನ ಬೆಂಚಿನ ಮೇಲೆ ಹೋಗಿ ಕುಳಿತು ಸೆರಗಿನಿಂದ ಮುಖ ಒರೆಸಿಕೊಂಡರು. ನಾದಿನಿ ನೀರು ಕೊಟ್ಟಳು. ನಾನು ಪಕ್ಕದಲ್ಲಿ ಕುಳಿತೆ. ಕುಳಿತುಕೊಳ್ಳದಿದ್ದರೂ ನಡೆಯುತ್ತಿತ್ತು, ಈಗ ನನ್ನ ಜೊತೆಯ ಅಗತ್ಯ ಯಾರಿಗೂ ಇರಲಿಲ್ಲ. ಇಷ್ಟು ದಿನ ಅತ್ತೆಗಾಗಿ ಹತ್ತಿದವಳು ನಾನು. ಅತ್ತೆಗೇ ಇಲ್ಲವೆಂದ ಮೇಲೆ ನಿರಾಳವಾಗಬೇಕಿತ್ತು.

ನಿರಾಳ ಆಗಲಿಲ್ಲ. ತಲೆಯ ಮೇಲಿಂದ ಗಾಡಿ ಭರ್ರನೆ ಹಾದುಹೋದಾಗಲೆಲ್ಲ ನನ್ನ ಕತ್ತು ತಾನಾಗಿ ಮೇಲೇಳುತ್ತಿತ್ತು. ಅಂಗಾಲಿನ ಇರುವೆಗಳು ಎದ್ದಿದ್ದವು. ಅದರ ಜೊತೆಗೇ ಇನ್ನೊಂದು ಏನೋ ಇತ್ತು, ಅದಕ್ಕೆ ಆಸೆ ಎಂದು ಹೆಸರಿಡಲು ನನಗೆ ಒಂದು ಗಳಿಗೆ ಬೇಕಾಯಿತು.

"ಅತ್ತಿ," ಅಂದೆ, "ನಾ ಒಬ್ಬಾಕೇ ಹೋಗಿ ಬರ್ಲೇನ್ರಿ?"

ಅತ್ತೆ ಮುಖದಿಂದ ಸೆರಗು ತೆಗೆದರು. ಆಮೇಲೆ ನನ್ನ ಹೆಗಲಿನಿಂದ ಚೀಲ ತೆಗೆದು ತಮ್ಮ ತೊಡೆಯ ಮೇಲೆ ಇಟ್ಟುಕೊಂಡು, "ಚಪ್ಪಲಿ ಗಟ್ಟಿ ಹಾಕ್ಕೋ" ಅಂದರು.

ನನ್ನ ಪಕ್ಕದ ಸೀಟಿಗೆ ಕಾಲೇಜು ಓದುವ ಹುಡುಗಿಯೊಬ್ಬಳು ಬಂದಳು. ಎದೆಯ ಮೇಲೆ ಪಟ್ಟಿ ಬಿಗಿದ ಕೂಡಲೇ ಅವಳ ಮುಖ ಬಿಳಿಚಿತು. "ಬಹುತ್ ಡರ್ ಲಗ್ತಾ ಆಂಟಿ" ಎಂದು ನನ್ನ ಕೈ ಹಿಡಿದಳು. ಅಂಜಬೇಡ ಎಂದು ನಾನು ಇನ್ನೊಬ್ಬರಿಗೆ ಹೇಳುವ ದಿನ ಬರುತ್ತದೆಂದು ಎಣಿಸಿರಲಿಲ್ಲ. "ಡರ್ ನಕ್ಕೋ. ದೂರ್ ದೇಖ್, ನೀಚೆ ನಕ್ಕೋ ದೇಖ್" ಅಂದೆ, ಕೆಳಗೆ ನೋಡದೆ ದೂರ ನೋಡು ಎಂದು ನಾನು ಕಲಿತ ಪಾಠವನ್ನೇ.

ಗಾಡಿ ಕಟಕಟ ಸದ್ದು ಮಾಡುತ್ತ ಏರಿತು. ಎಷ್ಟು ಏರಿದರೂ ಮುಗಿಯಲಿಲ್ಲ. ತುದಿಯಲ್ಲಿ ಒಂದು ಗಳಿಗೆ ಸದ್ದೇ ನಿಂತಿತು. ಮುಂದೆ ಹಳಿಯೇ ಕಾಣದೆ ಬರೀ ಬಿಸಿಲು ಕಂಡಿತು. ಆಮೇಲೆ ಬಿದ್ದೆವು. ಕೂಗಬೇಕೆಂದು ಬಾಯಿ ತೆರೆದರೆ ಒಂದು ಸಣ್ಣ ದನಿಯೂ ಬರಲಿಲ್ಲ. ಕಣ್ಣಿನ ನೀರು ಕಿವಿಯ ಕಡೆಗೆ ಹರಿಯಿತು. ತಲೆಕೆಳಗಾದಾಗ ಬೇವಿನ ಮರ ಆಕಾಶದಲ್ಲಿತ್ತು. ಕಣ್ಣು ಮಾತ್ರ ಮುಚ್ಚಲಿಲ್ಲ. ಅಂಜಿಕೆ ಎಲ್ಲಿ ಮುಗಿದು ಸಂತೋಷ ಎಲ್ಲಿ ಶುರುವಾಯಿತೆಂದು ಕೇಳಿದರೆ ಹೇಳಲಾರೆ, ಎರಡೂ ಒಂದೇ ವೇಗದಲ್ಲಿ ಬಂದವು. ಗಾಡಿ ನಿಂತಾಗ ಆ ಹುಡುಗಿ ಅಳುತ್ತ ನಗುತ್ತಿದ್ದಳು. ನಾನೂ ಹಾಗೆಯೇ ಇದ್ದೆನೆಂದು ಅವಳ ಮುಖ ನೋಡಿ ತಿಳಿದುಕೊಂಡೆ.

ಹೊರಗೆ ಬಂದರೆ ಅತ್ತೆ ಬೆಂಚಿನ ಮೇಲಿರಲಿಲ್ಲ. ಕುಂಟುತ್ತ ಕಟಕಟೆಯವರೆಗೂ ಬಂದು, ಎರಡೂ ಕೈಯಿಂದ ಕಂಬಿ ಹಿಡಿದು ನಿಂತಿದ್ದರು. ನನ್ನನ್ನು ತಿರುಗಿಸಿ ನಿಲ್ಲಿಸಿ, ಗಾಳಿಗೆ ಬಿಚ್ಚಿ ಗುಬ್ಬಿಗೂಡಾಗಿದ್ದ ನನ್ನ ಕೂದಲಿಗೆ ಬೆರಳು ಹಾಕಿ ಸಿಕ್ಕು ಬಿಡಿಸತೊಡಗಿದರು.

"ಅವ್ವಾ, ಎಲ್ಲಾರೂ ನೋಡಾಕತ್ತಾರ" ಎಂದಳು ನಾದಿನಿ.

"ನೋಡ್ಲಿ" ಅಂದರು ಅತ್ತೆ. ಜಡೆ ಬಿಗಿಯಾಗಿ ಹೆಣೆದು ತುದಿಗೆ ರಬ್ಬರ್ ಹಾಕಿದರು. "ಅಕಿ ಬಿಡಲ್ಲ ಅಂದಳಲ್ಲ, ನನಗ ಮೊದಲ ಸಿಟ್ಟು ಬಂದಿತ್ತು. ಕೆಳಗ ನಿಂತು ನೋಡೂದೂ ಚೊಲೋನ ಅದ ಬಿಡು. ಮತ್ತ ಹೋಗ್ತಿಯೇನು?"

"ಹೋಗ್ತೀನ್ರಿ."

"ಮುಂದಿನ ಸೀಟು ಹಿಡಿ ಈ ಸಲ. ಹಿಂದ ಕುಂತ್ರ ನನಗ ಮುಖ ಕಾಣಲ್ಲ."

ನಾನು ಮತ್ತೆ ಸಾಲಿನ ಕೊನೆಗೆ ಹೋಗಿ ನಿಂತೆ.