ಮಡಿಸಿದ ಶೀಟಿನ ಎಂಟು ತುಂಡು

ಮತ್ತಿಗಿರಿಯಿಂದ ಬಸ್ಸು ಹಿಡಿದು ನಾನು ದಿನಾ ಪಾಠ ಹೇಳಲು ಹೋಗುತ್ತಿದ್ದ ಗಡಿನಾಡ ಕನ್ನಡ ಶಾಲೆಯಲ್ಲಿ ನಾಲ್ಕನೇ ಕ್ಲಾಸಿಗೆ ಎಂಟೇ ಮಕ್ಕಳು. ಎಂಟಾದರೂ ಇದ್ದಾರಲ್ಲ ಎನ್ನಿ. ಪುಸ್ತಕದಲ್ಲಿ ‘ಪ್ರವೇಶ್ಯ ವಸ್ತು, ಅಪ್ರವೇಶ್ಯ ವಸ್ತು’ ಎಂದಿತ್ತು. ಬೀದಿಯಲ್ಲಿ ತಮಿಳು, ಅಂಗಡಿಯಲ್ಲಿ ತೆಲುಗು, ಮನೆಯಲ್ಲಿ ಕನ್ನಡ ಆಡುವ ಮಕ್ಕಳ ಬಾಯಿಗೆ ಇಂಥ ಮಾತು ತುರುಕಿದರೆ ಪಾಪ ಸುತ್ತಿಕೊಳ್ಳುತ್ತದೆ. ನಾನು ಬೋರ್ಡಿನ ಮೇಲೆ ‘ನೀರು ಬಿಡೋದು, ನೀರು ಬಿಡದ್ದು’ ಎಂದು ಬರೆದು, ನನ್ನ ಜಾಣತನಕ್ಕೆ ನಾನೇ ಬೀಗಿದೆ.

ಲೋಟದ ಬಾಯಿಗೆ ಹಳೇ ಸೀರೆ ತುಂಡು ಕಟ್ಟಿ ನೀರು ಸುರಿದೆವು. ಇಳಿಯಿತು. ಗೋಣಿ ತುಂಡಿನಲ್ಲೂ ಇಳಿಯಿತು. “ನಾಳೆ ಎಲ್ಲರೂ ಮನೆಯಿಂದ ನೀರು ಬಿಡದ್ದು ಏನಾದ್ರೂ ತರಬೇಕು” ಎಂದೆ. ಯಾವುದನ್ನು ಮುಟ್ಟಬಾರದು ಎಂದು ಮಾತ್ರ ಹೇಳಲಿಲ್ಲ.

ಮರುದಿನ ಏಳು ಜನ ಕೈ ಬೀಸಿಕೊಂಡು ಬಂದರು. ಎಂಟನೆಯವಳು ತೊರಪಲ್ಲಿ ಕಡೆಯ ಹಳ್ಳಿಯ ಹುಡುಗಿ, ಕ್ಲಾಸಿನಲ್ಲಿ ಬಾಯೇ ಬಿಡದವಳು. ಬ್ಯಾಗಿನಿಂದ ಅಂಗೈಯಗಲದ ದಪ್ಪ ಪ್ಲಾಸ್ಟಿಕ್ ತುಂಡುಗಳನ್ನು ತೆಗೆದಳು. ಎಣಿಸಿದರೆ ಎಂಟು, ಎಲ್ಲವೂ ಒಂದೇ ಅಳತೆ.

“ಎಲ್ಲಾರ್ಗೂ ಒಂದೊಂದು ತಂದೀನಿ ಮಿಸ್.”

ಲೋಟಗಳಿಗೆ ಕಟ್ಟಿ ನೀರು ಸುರಿದೆವು, ಒಂದು ಹನಿಯೂ ಇಳಿಯಲಿಲ್ಲ. ನಾನು ಅವಳ ಬೆನ್ನು ತಟ್ಟಿ, ಉಳಿದವರ ಕೈಲಿ ಚಪ್ಪಾಳೆ ಹೊಡೆಸಿದೆ. ಆ ಮಗು ನಕ್ಕದ್ದನ್ನು ನಾನು ಕಂಡದ್ದೇ ಅವತ್ತು.

ಮಧ್ಯಾಹ್ನ ಮಳೆ ಹಿಡಿಯಿತು. ಡಿಸೆಂಬರಿನ ಸೈಕ್ಲೋನ್ ಮಳೆ, ಒಂದು ಸಲ ಹಿಡಿದರೆ ಬಿಡುವುದಲ್ಲ. ಹುಡುಗಿ ಎದ್ದು ನಿಂತಳು.

“ಮಿಸ್, ಆ ತುಂಡುಗಳ್ನ ವಾಪಸ್ ಕೊಡಿ. ನಾನು ಮನೆಗೆ ಓಯ್ತೀನಿ.”

“ಈ ಮಳೇಲಿ ಎಲ್ಲಿಗೆ ಹೋಗ್ತೀಯ? ಸುಮ್ನೆ ಕೂತ್ಕೊ” ಎಂದು ಗದರಿದೆ. ಯಾಕೆ ಎಂದು ಒಂದು ಮಾತು ಕೇಳಲಿಲ್ಲವಲ್ಲ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ಅವಳು ಕೂತಳು. ಸಾಯಂಕಾಲ ಬೆಲ್ ಹೊಡೆದಾಗ ಬ್ಯಾಗನ್ನೂ ಬಿಟ್ಟು ಓಡಿದಳು.

ಎರಡು ದಿನ ಶಾಲೆಗೆ ಬರಲಿಲ್ಲ. ಮೂರನೇ ದಿನ ಬ್ಯಾಗು ಕೊಡುವ ನೆಪದಲ್ಲಿ ಅವಳ ಮನೆಗೆ ಹೋದೆ. ಮನೆ ಮುಂದಿನ ಕಣದಲ್ಲಿ ಅಜ್ಜಿ ಇನ್ನೂ ಒಕ್ಕದ ರಾಗಿಯ ಮೆದೆ ಬಿಚ್ಚುತ್ತಿದ್ದಳು. ಹುಡುಗಿಯ ತಾಯಿ ಗುಲಾಬಿ ಬೆಳೆಯುವ ಪಾಲಿಹೌಸಿನಲ್ಲಿ ಕೂಲಿ. ಅಲ್ಲಿ ಚಾವಣಿಯ ಹಳೇ ಪ್ಲಾಸ್ಟಿಕ್ ಹೊದಿಕೆ ಬದಲಿಸಿದಾಗ ಕೇಳಿ ತಂದ ಶೀಟು ಅದು, ಮಳೆ ಬಂದರೆ ಮೆದೆಗೆ ಹೊದಿಸಲು ಮಡಿಸಿ ಇಟ್ಟದ್ದು. ಮಗು ಎಂಟು ಪದರದ ಆ ಮಡಿಕೆಯ ನಡುವಿನಿಂದ ಒಂದು ತುಂಡು ಕತ್ತರಿಸಿದ್ದಾಳೆ. ಬಿಡಿಸಿದರೆ ಎಂಟು ತೂತು. ಮಳೆಯಲ್ಲಿ ಶೀಟು ಎಳೆದು ಹೊದಿಸಿದ ಮೇಲೇ ಅಜ್ಜಿಗೆ ಕಂಡದ್ದು. ತೂತುಗಳ ಮೇಲೆ ಮೊರ, ತಟ್ಟೆ, ಗೋಣಿ ಏನೇನೋ ಮುಚ್ಚಿದ್ದಳು.

ನಾನು ಮೆದೆಯೊಳಗೆ ಕೈ ಹಾಕಿದೆ. ಜ್ವರ ಬಂದವರ ಮೈಯಂತೆ ಬಿಸಿ. ತೆನೆಯಲ್ಲಿ ಬಿಳೀ ಮೊಳಕೆ. ವರ್ಷವೆಲ್ಲ ಮನೆಮಂದಿಯ ಮುದ್ದೆಗಾಗಬೇಕಿದ್ದ ರಾಗಿ.

“ಹೊಸ ಶೀಟು ತಂದ್ಕೊಡ್ತೀನಿ ಅಜ್ಜಿ” ಎಂದೆ.

“ಇನ್ಯಾತಕ್ಕೆ ಟೀಚರಮ್ಮ? ಒದ್ಸಾಕೆ ಏನೈತೆ? ಕೈಗೆ ಬಂದಿದ್ದು ಬಾಯಿಗೆ ಬರ್ನಿಲ್ಲ, ಅಷ್ಟೆ” ಎಂದಳು ಅಜ್ಜಿ. ಬೈದಿದ್ದರೆ ಎಷ್ಟೋ ವಾಸಿಯಿತ್ತು. “ಮಗೀನ ಏನೂ ಅನ್ಬ್ಯಾಡಿ. ನೀವು ತರಾಕೆ ಯೋಳಿದ್ರಿ, ಅದು ತಂತು.”

ಹುಡುಗಿ ಬಾಗಿಲ ಹಿಂದೆ ನಿಂತಿದ್ದಳು. ಕರೆದರೂ ಬರಲಿಲ್ಲ. ಬ್ಯಾಗನ್ನು ಜಗುಲಿಯ ಮೇಲಿಟ್ಟು ಬಂದೆ.

ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂತು: ನಿಮ್ಮ ಮನೆಯಲ್ಲಿರುವ, ನೀರು ಬಿಡದ ಒಂದು ವಸ್ತುವಿನ ಹೆಸರು ಬರೆಯಿರಿ. ಏಳು ಮಕ್ಕಳು ಪ್ಲಾಸ್ಟಿಕ್ ಶೀಟು ಎಂದು ಬರೆದು ಪೂರ್ತಿ ಮಾರ್ಕ್ಸ್ ತೆಗೆದುಕೊಂಡರು. ಅವಳ ಪೇಪರಿನಲ್ಲಿ ಒಂದೇ ಸಾಲಿತ್ತು: “ನಮ್ಮ ಮನೇಲಿ ಈಗ ಇಲ್ಲ ಮಿಸ್.”