ಜಿಂಕೆಯ ತಲೆಯ ಗಂಡಸು

ಅಪ್ಪ ಸತ್ತ ಸುದ್ದಿ ಬಂದಾಗ ನಾನು ಬಸವಕಲ್ಯಾಣದ ಶಾಲೆಯ ಕಚೇರಿಯಲ್ಲಿ ಒಬ್ಬ ಹುಡುಗಿಯ ವರ್ಗಾವಣೆ ಪತ್ರ ಬರೆಯುತ್ತಿದ್ದೆ. ಫೋನ್ ಇಟ್ಟ ಮೇಲೆ ಪತ್ರವನ್ನು ಪೂರ್ತಿ ಬರೆದು, ಮೊಹರು ಹಾಕಿ, ಆಮೇಲೆ ಎದ್ದೆ. ಹುಮನಾಬಾದಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಸಿಕ್ಕಿತಲ್ಲ ಎಂದು ಸಮಾಧಾನವಾದದ್ದು ನೆನಪಿದೆ. ಬೇರೇನೂ ಅನಿಸಲಿಲ್ಲ.

ಅಪ್ಪ ಕುರಿ ಕಾಯುತ್ತಿದ್ದ. ಹುಮನಾಬಾದಿನ ಹೊರಗೆ ಹಿಂಡನ್ನು ಹೆದ್ದಾರಿ ದಾಟಿಸುವಾಗ ಲಾರಿ ಬಡಿದಿತ್ತು. ಕುರಿಗಳೆಲ್ಲ ದಾಟಿದ್ದವು, ಹಿಂದೆ ಉಳಿದವನು ಅವನೊಬ್ಬನೇ. ಮೂರು ನಾಯಿಗಳು ಅವನ ಸುತ್ತ ನಿಂತು ಯಾರನ್ನೂ ಹತ್ತಿರ ಬಿಡಲಿಲ್ಲವಂತೆ. ಅವ್ವ ಹೋಗಿ ಒಂದೊಂದನ್ನೇ ಕುತ್ತಿಗೆ ಹಿಡಿದು ಈಚೆ ಎಳೆಯಬೇಕಾಯಿತು. ಆಮೇಲೂ ಒಂದು ನಾಯಿ ದಿನಾ ಹೆದ್ದಾರಿಗೆ ಹೋಗಿ ಅದೇ ಜಾಗದಲ್ಲಿ ಕೂಡುತ್ತಿತ್ತು. ಸಂಜೆ ಅವ್ವ ಹೋಗಿ ಕರೆತರುತ್ತಿದ್ದಳು.

ನಮ್ಮ ಮನೆಯ ಗೋಡೆಗೂಡಿನಲ್ಲಿ ಒಂದು ಹಳೆಯ ತಾಟು ಇತ್ತು. ಹುಮನಾಬಾದಿನಲ್ಲಿ ಅವ್ವ ಅಡುಗೆ ಮಾಡುತ್ತಿದ್ದ ಮನೆಯ ಮುದುಕಿ ಡಾಕ್ಟರು ಊರು ಬಿಡುವಾಗ ಕೊಟ್ಟದ್ದು. ಅವರ ಅಜ್ಜ ಹೈದರಾಬಾದಿನಲ್ಲಿ ಯಾವುದೋ ನವಾಬರ ಮನೆಯ ಸಾಮಾನು ಹರಾಜಾದಾಗ ತಂದಿದ್ದರಂತೆ. ಎಂದೋ ಒಡೆದು ಎರಡಾಗಿದ್ದನ್ನು ಹಿಂದುಗಡೆ ತಂತಿಯ ಹೊಲಿಗೆ ಹಾಕಿ ಕೂಡಿಸಿದ್ದರು. ಅಂಚು ಚಕ್ಕೆ ಎದ್ದಲ್ಲಿ ನಮ್ಮ ಮಡಕೆಯಂಥದೇ ಮಣ್ಣು ಕಾಣುತ್ತಿತ್ತು. ಮೇಲೆ ಬಿಳಿ ಮೆರುಗು, ಅದರ ಮೇಲೆ ನೀಲಿ, ಹಳದಿ, ಹಸಿರಿನ ಚಿತ್ರ: ಹಳ್ಳದಲ್ಲಿ ಮೀಯುವ ಹೆಂಗಸರು, ಪಕ್ಕದಲ್ಲಿ ಜಿಂಕೆಯ ತಲೆಯ ಒಬ್ಬ ಗಂಡಸು, ಅವನ ಮೈಮೇಲೆ ಏರಿದ ನಾಯಿಗಳು. ಆ ಹೆಂಗಸರ ಮೈಮೇಲೆ ಬಟ್ಟೆಯಿಲ್ಲವೆಂದು ಅವ್ವ ಅವರಿಗೆ ಅಡ್ಡವಾಗಿ ಅರಿಷಿಣದ ಡಬ್ಬಿ ಇಡುತ್ತಿದ್ದಳು.

ಅಪ್ಪ ಹೋದ ಮೇಲೆ ಅವ್ವ ಆ ತಾಟಿನ ಮುಂದೆ ಕೂಡತೊಡಗಿದಳು.

“ನಿಮ್ಮಪ್ಪನ್ಹಂಗೇ ಅದಾನ ನೋಡು. ಮನಿಗಿ ಬಂದಾನ, ನಾಯಿ ಮೈಮ್ಯಾಲ ಬಿದ್ದು ನೆಕ್ಕಾಕತ್ಯಾವ.”

“ತಲಿ ಜಿಂಕಿದು ಐತಲ್ಲವ್ವ?”

“ಬರದಾಂವಗ ಮಾರಿ ತಗಿಯಾಕ ಬಂದಿಲ್ಲ.”

ಕೆಲಸಕ್ಕೆ ಮರಳುವಾಗ ಅದರ ಫೋಟೋ ತೆಗೆದುಕೊಂಡೆ. ಯಾಕೆಂದು ಗೊತ್ತಿಲ್ಲ. ನಮ್ಮ ಶಾಲೆಯ ಇತಿಹಾಸದ ಮಾಸ್ತರರು ಅದನ್ನು ಹಳೆಯ ಪಾತ್ರೆಗಳ ವಿಷಯ ಬಲ್ಲ, ಹೈದರಾಬಾದಿನ ಒಬ್ಬ ಮೇಡಂಗೆ ಕಳಿಸಿದರು. ಒಂದು ದಿನ ನಾನು ಬಸ್ ನಿಲ್ದಾಣದಲ್ಲಿ ನಿಂತಿದ್ದಾಗ ಆ ಮೇಡಂ ತಾವೇ ಫೋನ್ ಮಾಡಿದರು. ತಾಟು ಇಟಲಿಯದಿರಬೇಕು, ನೂರಾರು ವರ್ಷ ಹಳೆಯದಿರಬಹುದು, ಕೈಯಲ್ಲಿ ಹಿಡಿದು ನೋಡದೆ ಖಚಿತ ಹೇಳಲಾರೆ ಎಂದರು. ಅಲ್ಲಿಯವರು ತಮ್ಮ ಪುರಾಣದ ಕಥೆಗಳನ್ನು ಹೀಗೆ ತಾಟುಗಳ ಮೇಲೆ ಬರೆಯುತ್ತಿದ್ದರಂತೆ. ಇದು ಒಬ್ಬ ಬೇಟೆಗಾರನ ಕಥೆ. ಕಾಡಿನ ದೇವಿ ಮೀಯುವುದನ್ನು ಅವನು ತಿಳಿಯದೆ ನೋಡಿಬಿಟ್ಟ. ಅವಳು ಸಿಟ್ಟಿಗೆದ್ದು ಅವನನ್ನು ಜಿಂಕೆ ಮಾಡಿದಳು. ಅವನು ಸಾಕಿದ ನಾಯಿಗಳೇ ಗುರುತು ಹಿಡಿಯದೆ ಅವನನ್ನು ಹರಿದು ಹಾಕಿದವು. ಅವುಗಳ ಹೆಸರು ಹಿಡಿದು ಕರೆಯಲು ಅವನಿಗೆ ಮಾತು ಹೊರಡಲಿಲ್ಲ.

“ಅದನ್ನ ಸಬಕಾರ ಹಚ್ಚಿ ತೊಳಿಬಹುದೇನ್ರಿ?” ಎಂದು ಕೇಳಿದೆ.

ಬೇಡ, ಒಣ ಬಟ್ಟೆಯಿಂದ ಒರೆಸಿದರೆ ಸಾಕು ಎಂದರು.

ಶನಿವಾರ ಮನೆಗೆ ಹೋದಾಗ, ಫೋಟೋ ಒಯ್ದಿದ್ದೆಯಲ್ಲ, ತಾಟಿನ ವಿಷಯ ಏನಾದರೂ ತಿಳಿಯಿತೇ ಎಂದು ಅವ್ವ ಕೇಳಿದಳು. ಸುಳ್ಳು ಹೇಳಬಹುದೆಂದು ನನಗೆ ಹೊಳೆಯಲೇ ಇಲ್ಲ. ಕೇಳಿದ್ದನ್ನೆಲ್ಲ ಪಾಠದ ಹಾಗೆ ಒಪ್ಪಿಸಿದೆ. ರೊಟ್ಟಿ ಬಡಿಯುತ್ತಿದ್ದ ಅವಳ ಕೈ ನಿಂತಿತು. ನಾನೇನು ಮಾಡಿದೆ ಎಂದು ಆಗ ತಿಳಿಯಿತು. ತಿಳಿದರೂ, ಬೇರೆ ಯಾರೋ ಮಾಡಿದ ತಪ್ಪನ್ನು ನೋಡಿದಂತಿತ್ತು.

“ಆಮ್ಯಾಲ ನಾಯಿ ಏನ್ ಮಾಡಿದ್ವಂತ?”

“ಕೇಳಿಲ್ಲವ್ವ.”

“ಕೇಳು.”

ಅವಳ ಮುಂದೆಯೇ ಫೋನ್ ಮಾಡಿದೆ. ನಾಯಿಗಳು ಊಳಿಡುತ್ತ ಕಾಡೆಲ್ಲ ಧಣಿಯನ್ನು ಹುಡುಕಿದವು, ಕೊನೆಗೆ ಯಾರೋ ಅವನಂಥದೇ ಮೂರ್ತಿ ಮಾಡಿ ನಿಲ್ಲಿಸಿದ ಮೇಲೆ ಸುಮ್ಮನಾದವು ಎಂದು ಮೇಡಂ ಹೇಳಿದರು. ಬಂದು ತಾಟು ನೋಡಬಹುದೇ ಎಂದೂ ಕೇಳಿದರು.

“ಬರ್ಲಿ, ನೋಡಿ ಹೋಗ್ಲಿ. ಒಯ್ಯೂದು ಬ್ಯಾಡ,” ಎಂದಳು ಅವ್ವ. ಮತ್ತೆ ರೊಟ್ಟಿ ಬಡಿಯತೊಡಗಿ, “ಪಾಪ, ಅವಕ್ಕ ಗೊತ್ತಿರಲಿಲ್ಲ,” ಎಂದಳು.

ಮರುದಿನ ಅವಳು ಟ್ರಂಕಿನಿಂದ ಅಪ್ಪನ ಕಂಬಳಿ ತೆಗೆದು ಅಂಗಳದಲ್ಲಿ ಹಾಸಿದಳು. ಮೂರೂ ನಾಯಿಗಳು ಬಂದು ಬಹಳ ಹೊತ್ತು ಮೂಸಿ ನೋಡಿ ಅದರ ಮೇಲೆ ಮಲಗಿದವು. ಹೆದ್ದಾರಿಗೆ ಹೋಗುತ್ತಿದ್ದ ನಾಯಿ ಅಂದು ಹೋಗಲಿಲ್ಲ.

ನಾನೂ ಹೋಗಿ ಕಂಬಳಿಯ ಮೂಲೆಯಲ್ಲಿ ಕೂತೆ. ಒಂದು ನಾಯಿ ಸರಿದು ಜಾಗ ಕೊಟ್ಟಿತು. ಈಗಲಾದರೂ ಅಳು ಬಂದೀತು ಎಂದುಕೊಂಡೆ. ಒಳಗಿಂದ ಅವ್ವ ಊಟಕ್ಕೆ ಕರೆದಳು. ಎದ್ದು ಹೋಗಿ ಉಂಡೆ.